ಕರೆಂಟಿಲ್ಲದ ಮನೆಯ ದೀಪ

ಆ ಮನೆಯಲ್ಲಿ ದಿನಾ ಸಂಜೆ ದೀಪ ಹಚ್ಚುತ್ತಿದ್ದವಳು ನಾನು. ಸತ್ತವರು ಯಾರೂ ಎದ್ದು ಬಂದಿರಲಿಲ್ಲ. ನನ್ನ ದೀಪದ ದೆಸೆಯಿಂದ ಒಬ್ಬ ಮುದುಕಿ ನೀರುಪಾಲಾಗುವುದರಲ್ಲಿದ್ದಳು, ಆಗಲಿಲ್ಲ. ನಡೆದದ್ದು ಇಷ್ಟೇ. ಈಗ ಮಂದಿ ಇದನ್ನು ತಮಗೆ ತಿಳಿದಂತೆ ಹೇಳಿಕೊಂಡು ತಿರುಗುತ್ತಿದ್ದಾರೆ. ಮೊನ್ನೆ ಇಲ್ಲಿ ಅಮೆರಿಕದಲ್ಲಿ, ಕೆಂಡಲ್ ಪಾರ್ಕ್ ಎಂಬ ಊರಿನ ಕಿರಾಣಿ ಅಂಗಡಿಯಲ್ಲಿ ಜೋಳದ ಹಿಟ್ಟಿನ ಚೀಲ ಎತ್ತಿಕೊಳ್ಳುತ್ತಿದ್ದಾಗ ಒಬ್ಬಳು ನನಗೇ ಈ ಕಥೆ ಹೇಳಿದಳು. ಅವಳ ಕಥೆಯಲ್ಲಿ ಬಿಳಿ ಸೀರೆ, ಬಿಚ್ಚಿದ ಕೂದಲು ಎಲ್ಲ ಇತ್ತು. ನಾನು ಉಟ್ಟಿದ್ದು ಹಸಿರು ಸೀರೆ, ಮೇಲೆ ಅಳಿಯನ ಹಳೆಯ ಕೋಟು, ಕಾಲಿಗೆ ಮೊಮ್ಮಗಳ ಬೂಟು. ಅವಳಿಗೆ ಹೇಳಬೇಕೆನ್ನಿಸಿತು, ಹೇಳಲಿಲ್ಲ. ಬರೆಯುತ್ತಿದ್ದೇನೆ.

ಮಗಳ ಮನೆ ನ್ಯೂಜೆರ್ಸಿಯಲ್ಲಿ ಒಂದು ಸಣ್ಣ ಹೊಳೆಯ ದಂಡೆಗಿತ್ತು. ಇತ್ತು ಎನ್ನುತ್ತೇನೆ, ಏಕೆಂದರೆ ಈಗ ಅಲ್ಲಿ ಹುಲ್ಲಿದೆ. ಬೀದಿಯಲ್ಲಿ ಎರಡೂ ಕಡೆ ಸೇರಿ ಹದಿನೆಂಟು ಮನೆ. ನಮ್ಮ ಹಿತ್ತಲಿನ ಬೇಲಿ ದಾಟಿದರೆ ಮರಗಳು, ಮರಗಳಾಚೆ ಹೊಳೆ. ಬೇಸಿಗೆಯಲ್ಲಿ ನೋಡಿದರೆ ಇದಕ್ಕೂ ಹೊಳೆ ಎನ್ನುತ್ತಾರೆಯೇ ಎನ್ನಿಸುವಷ್ಟು ನೀರು. ನಾನು ಬಂದ ಮೇಲೆ ಅದು ಎರಡು ಸಲ ಬೀದಿಗೆ ಬಂತು. ಮೊದಲ ಸಲ ಗ್ಯಾರೇಜಿನ ತನಕ ಬಂದು ಹೋಯಿತು. ಎರಡನೆಯ ಸಲ, ಎಲ್ಲೋ ದಕ್ಷಿಣದಲ್ಲಿ ಎದ್ದ ಚಂಡಮಾರುತದ ಬಾಲ ನಮ್ಮ ಮೇಲೆ ಹಾದಾಗ, ನೆಲದಡಿಯ ಬೇಸ್‌ಮೆಂಟು ತುಂಬಿ, ಅಡುಗೆಮನೆಗೆ ಏರಿ, ಒಲೆಯ ಮೇಲೆ ಬಂದು ನಿಂತಿತು. ನಾವು ಮಹಡಿಯ ಮೇಲೆ ಕೂತು, ಕೆಳಗೆ ಫ್ರಿಜ್ಜು ತೇಲಿ ಗೋಡೆಗೆ ಹಾಯುವ ಸದ್ದು ಕೇಳಿದೆವು. ದನ ಹಾಯ್ದ ಹಾಗೆ ಹಾಯುತ್ತಿತ್ತು.

ನೀರು ಇಳಿದ ಮೇಲೆ ಸರ್ಕಾರದವರು ಬಂದರು. ಒಡ್ಡು ಹಾಕುವುದಿಲ್ಲ, ಗೋಡೆ ಏರಿಸುವುದಿಲ್ಲ, ಮನೆಗಳನ್ನೇ ನಮಗೆ ಮಾರಿಬಿಡಿ ಎಂದರು. ಕೊಂಡು ಏನು ಮಾಡುತ್ತೀರಿ ಎಂದು ಕೇಳಿದರೆ, ಕೆಡವುತ್ತೇವೆ ಎಂದರು. ಕೆಡವಿ, ಮಣ್ಣು ಹರಡಿ, ಹುಲ್ಲು ಬಿತ್ತುತ್ತಾರೆ. ಮುಂದೆ ಅಲ್ಲಿ ಯಾರೂ ಮನೆ ಕಟ್ಟುವಂತಿಲ್ಲ. ಹೊಳೆ ತುಂಬಿದಾಗ ಬಂದು ಅಲ್ಲಿ ಮಲಗುತ್ತದೆ, ಕೆಳಗಿನ ಊರುಗಳು ಉಳಿಯುತ್ತವೆ. ಇದಕ್ಕೆ ಬಯ್‌ಔಟ್ ಎನ್ನುತ್ತಾರೆ. ಒತ್ತಾಯವಿಲ್ಲ. ಮನಸ್ಸಿದ್ದವರು ಸಹಿ ಮಾಡಬಹುದು, ಇಲ್ಲದವರು ಇದ್ದಲ್ಲೇ ಇರಬಹುದು.

ಮೊಮ್ಮಗಳು ಹೈಸ್ಕೂಲಿನಲ್ಲಿದ್ದಾಳೆ. ಹವಾಮಾನ ಕೆಡುತ್ತಿರುವುದಕ್ಕೆ ಜಗತ್ತಿನಲ್ಲಿ ಎಲ್ಲೆಲ್ಲಿ ಏನೇನು ಉಪಾಯ ಮಾಡಿದ್ದಾರೆ ಎಂದು ದೊಡ್ಡ ರಟ್ಟಿನ ಮೇಲೆ ಚಿತ್ರ ಅಂಟಿಸಿಕೊಂಡು ಶಾಲೆಗೆ ಒಯ್ಯಬೇಕಿತ್ತು. ಊಟದ ಮೇಜಿನ ತುಂಬ ಕಾಗದ, ಅಂಟು. ನಾನು ಪಕ್ಕದಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಹಾಲೆಂಡಿನಲ್ಲಿ ಒಡ್ಡುಗಳನ್ನು ಹಿಂದಕ್ಕೆ ಸರಿಸಿ ಹೊಳೆಗೆ ಜಾಗ ಬಿಟ್ಟಿದ್ದಾರಂತೆ. ಬಾಂಗ್ಲಾದೇಶದಲ್ಲಿ ಶಾಲೆಯನ್ನೇ ದೋಣಿಯ ಮೇಲೆ ನಡೆಸುತ್ತಾರಂತೆ. ಚೀನಾದಲ್ಲಿ ಊರಿನ ನೆಲವೇ ಮಳೆ ಕುಡಿಯುವ ಹಾಗೆ ಮಾಡಿದ್ದಾರಂತೆ.

"ಅಜ್ಜಿ, ಇದು ನೋಡು. ರೂಫಿಗೆ ವೈಟ್ ಪೇಂಟ್ ಮಾಡ್ತಾರೆ, ಮನೆ ಕೂಲ್ ಆಗತ್ತೆ."

"ಸುಣ್ಣ ಬಳಿಯೂದನ್ನ ಈಗ ಕಂಡ ಹಿಡದ್ರೇನು?"

"ಅಜ್ಜೀ! ಇಟ್ಸ್ ಸೈನ್ಸ್."

"ಆತ ಬಿಡು. ಈ ಮೂಲ್ಯಾಗಿನ ಚಿತ್ರ ಏನು? ನಮ್ಮ ಬೀದಿ ಇದ್ದಂಗ ಐತಿ."

"ನಮ್ಮ ಸ್ಟ್ರೀಟೇ. ಇದೂ ಒಂದು ಸೊಲ್ಯೂಷನ್."

ಮೇಲಿನಿಂದ ತೆಗೆದ ಫೋಟೊ ಅದು. ಸಹಿ ಮಾಡಿದವರ ಮನೆಗಳ ಮೇಲೆಲ್ಲ ಹಸಿರು ಬಣ್ಣ ಬಳಿದಿದ್ದಳು. ನಾನು ಕನ್ನಡಕ ಸರಿಮಾಡಿಕೊಂಡು ಹುಡುಕಿದೆ.

"ಇದ್ರಾಗ ನಾವ್ ಎಲ್ಲಿ ಅದೀವಿ?"

"ನಾವು ಇರಲ್ಲ ಅಜ್ಜಿ. ದಟ್ಸ್ ದ ಪಾಯಿಂಟ್."

ಇಂಥದನ್ನು ನಾನು ಹಿಂದೊಮ್ಮೆ ಕಂಡಿದ್ದೆ, ಉಲ್ಟಾ. ಕೃಷ್ಣೆಗೆ ಅಣೆಕಟ್ಟು ಕಟ್ಟಿದಾಗ ನನ್ನನ್ನು ಕೊಟ್ಟ ಊರು ಮುಳುಗಿತು. ಅಲ್ಲಿ ನೀರನ್ನು ತಂದು ನಮ್ಮ ಮೇಲೆ ನಿಲ್ಲಿಸಿದರು. ಇಲ್ಲಿ ನಮ್ಮನ್ನು ಎತ್ತಿ ನೀರಿಗೆ ಜಾಗ ಮಾಡಿಕೊಡುತ್ತಿದ್ದರು. ಕಾಗದ ಹಿಡಿದು ಬಂದವರ ಮಾತು ಮಾತ್ರ ಎರಡೂ ಕಡೆ ಒಂದೇ ಥರ ಮೆತ್ತಗೆ. ನಾನು ನಾಲ್ಕನೇ ಇಯತ್ತೆ ಕಲಿತವಳು, ಅಷ್ಟು ಗೊತ್ತಾಗುತ್ತದೆ. ಆದರೆ ಒಪ್ಪಬೇಕಾದ್ದನ್ನು ಒಪ್ಪಬೇಕು, ಇಲ್ಲಿಯದು ಸರಿಯಾದ ಕೆಲಸ. ಹೊಳೆ ಹೊರಳುವ ಜಾಗದಲ್ಲಿ ಮನೆ ಕಟ್ಟಿದ್ದೇ ತಪ್ಪಾಗಿತ್ತು. ಅಳಿಯ ಸಹಿ ಮಾಡಿದಾಗ ನಾನು ಅಳಲಿಲ್ಲ, ಮಗಳೂ ಅಳಲಿಲ್ಲ. ಹೊಸ ಮನೆ ಕೈಗೆ ಬರುವವರೆಗೆ, ಎಲೆ ಉದುರುವವರೆಗೆ, ಅಲ್ಲೇ ಇರುವುದೆಂದಾಯಿತು.

ಆ ಕೆಲವು ತಿಂಗಳಲ್ಲಿ ಬೀದಿ ಖಾಲಿಯಾದದ್ದನ್ನು ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಒಂದು ದಿನ ಲಾರಿ ಬಂದು ಸಾಮಾನು ಒಯ್ಯುತ್ತಿತ್ತು. ಕೆಲವು ವಾರ ಬಿಟ್ಟು ಯಂತ್ರ ಬರುತ್ತಿತ್ತು. ಎರಡು ದಿನದಲ್ಲಿ ಮನೆ ಇಲ್ಲ, ಒಂದು ಇಟ್ಟಿಗೆಯೂ ಇಲ್ಲ. ನಮ್ಮೂರು ಮುಳುಗಿದಾಗ ನೀರು ಕಾಣುತ್ತಿತ್ತು, ನೀರಿನ ಕೆಳಗೆ ಊರಿದೆ ಎಂದು ಬೆರಳು ಮಾಡಿ ತೋರಿಸಬಹುದಿತ್ತು. ಇಲ್ಲಿ ತೋರಿಸಲು ಏನೂ ಉಳಿಯುತ್ತಿರಲಿಲ್ಲ. ಕಾರು ಹೋಗುವ ದಾರಿ ರಸ್ತೆಯಿಂದ ಹೊರಟು ಹುಲ್ಲಿನಲ್ಲಿ ನಿಂತುಬಿಡುತ್ತಿತ್ತು. ಅಂಗಳದ ಅಂಚಿಗೆ ನೆಟ್ಟಿದ್ದ ಬಿಸಿಲಿನ ದೀಪಗಳನ್ನು ಕೆಲವರು ಕಿತ್ತೊಯ್ದಿರಲಿಲ್ಲ. ಹಗಲು ಬಿಸಿಲು ಕುಡಿದು ಸಂಜೆ ತಾವಾಗಿಯೇ ಹತ್ತಿಕೊಳ್ಳುತ್ತಿದ್ದವು, ಎರಡು ಸಾಲಿನಲ್ಲಿ, ಇಲ್ಲದ ಬಾಗಿಲಿಗೆ ದಾರಿ ತೋರಿಸುತ್ತ. ಮರಗಳ ಕಡೆಯಿಂದ ಜಿಂಕೆಗಳು ಬರುತ್ತಿದ್ದವು. ಒಂದು ಜಿಂಕೆ ಯಾವಾಗಲೂ ಒಂದೇ ಕಡೆ ನಿಲ್ಲುತ್ತಿತ್ತು, ಅದು ಆ ಮನೆಯವರ ಅಡುಗೆಮನೆ ಇದ್ದ ಜಾಗ. ಸಣ್ಣ ಮಕ್ಕಳ ಶಾಲೆಯ ಬಸ್ಸು ತಿರುವಿನಲ್ಲಿ ನಿಂತು, ಬಾಗಿಲು ತೆರೆದು, ಯಾರೂ ಹತ್ತದೆ, ಬಾಗಿಲು ಮುಚ್ಚಿಕೊಂಡು ಹೋಗುತ್ತಿತ್ತು. ಅದಕ್ಕೆಲ್ಲ ಕಾರಣ ನನಗೆ ಗೊತ್ತಿತ್ತು. ಬಸ್ಸಿನವನಿಗೆ ಹಳೆಯ ಪಟ್ಟಿ ಕೊಟ್ಟಿದ್ದರು. ಅಡುಗೆಮನೆಯ ಜಾಗದಲ್ಲಿ ಉಪ್ಪು ಬಿದ್ದಿರಬೇಕು, ಜಿಂಕೆ ಅದನ್ನು ನೆಕ್ಕಲು ಬರುತ್ತಿತ್ತು. ಗೊತ್ತಿದ್ದರೂ ಹೊತ್ತು ಇಳಿದ ಕೂಡಲೇ ಪರದೆ ಎಳೆಯುತ್ತಿದ್ದೆ.

ಕೊನೆಗೆ ಬೀದಿಯಲ್ಲಿ ಮೂರೇ ಮನೆ ಉಳಿದವು. ನಮ್ಮದು, ನಮ್ಮ ಮಗ್ಗುಲದು, ಮಗ್ಗುಲದಕ್ಕೆ ಎದುರಿಗಿರುವುದು.

ಮಗ್ಗುಲ ಮನೆಯಲ್ಲಿದ್ದವಳು ಅಮೆರಿಕದವಳು, ನನ್ನ ವಯಸ್ಸಿನವಳು, ಗಂಡ ಸತ್ತವಳು. ಬೇಲಿಯ ಮೇಲಿಂದ ನನಗೆ ಟೊಮೆಟೊ ಕೊಡುತ್ತಿದ್ದಳು, ನಾನು ಅವಳಿಗೆ ಶೇಂಗಾ ಹೋಳಿಗೆ ಕೊಟ್ಟಿದ್ದೆ. ಎರಡನೆಯ ಸಲ ನೀರು ಬಂದಾಗ ಅವಳು ಏನನ್ನೋ ತರಲು ಬೇಸ್‌ಮೆಂಟಿಗೆ ಇಳಿದಿದ್ದಳು. ನೆಲಕ್ಕೆ ಸಮನಾಗಿದ್ದ ಸಣ್ಣ ಕಿಟಕಿ ನೀರಿನ ಭಾರಕ್ಕೆ ಒಡೆಯಿತು, ಅವಳು ಮೇಲೆ ಬರಲಿಲ್ಲ. ಅಷ್ಟೇ. ಅವಳ ಮಕ್ಕಳು ಎಲ್ಲರಿಗಿಂತ ಮೊದಲು ಸಹಿ ಮಾಡಿ ಹೋದರು. ಗ್ಯಾಸು ಕಿತ್ತರು, ಕರೆಂಟಿನ ಮೀಟರು ಕಿತ್ತರು. ಆದರೆ ಗೋಡೆಯೊಳಗೆ ಏನೋ ವಿಷದ ಹಳೇ ಸಾಮಾನು ಇದೆ, ಅದನ್ನು ತೆಗೆಯುವವರೇ ಬೇರೆ, ಅವರು ಬರಬೇಕು ಎಂದು ಕೆಡವುವುದು ಮುಂದಕ್ಕೆ ಹೋಯಿತು. ಮನೆ ಹಾಗೇ ನಿಂತಿತ್ತು.

ಅವಳ ಎದುರು ಮನೆಯವಳು ಅವಳ ಗೆಳತಿ. ಅವಳೂ ಒಂಟಿ ಮುದುಕಿ. ಉದ್ದ, ಒಣಕಲು, ಯಾರನ್ನೂ ನೋಡಿ ನಗದವಳು. ನನ್ನಂಥವಳೇ. ಇಡೀ ಬೀದಿಯಲ್ಲಿ ಸಹಿ ಮಾಡದೆ ಉಳಿದವಳು ಅವಳೊಬ್ಬಳೇ.

ಇನ್ನು ದೀಪದ ವಿಷಯ. ನಮ್ಮ ಊರು ಬಿಡುವಾಗ ಅತ್ತೆ ಬಾಗಿಲಿನ ಚೌಕಟ್ಟು ಕಿತ್ತಿಸಿ ಗಾಡಿಗೆ ಹಾಕಿಸಿದಳು. ನಾವು ಎತ್ತರದಲ್ಲಿ ತಗಡಿನ ಶೆಡ್ಡಿಗೆ ಹೋದೆವು. ನೀರು ಬರುವುದಕ್ಕೆ ಇನ್ನೂ ದಿನವಿತ್ತು. ಅಷ್ಟೂ ದಿನ ಅತ್ತೆ ಸಂಜೆಯಾದರೆ ಎಣ್ಣೆ, ಬತ್ತಿ ಹಿಡಿದು ಇಳಿದು ಹೋಗಿ, ಚೌಕಟ್ಟಿಲ್ಲದ ಬಾಗಿಲಲ್ಲಿ ಪಣತಿ ಇಟ್ಟು ಬರುತ್ತಿದ್ದಳು. ಬಿಟ್ಟು ಹೋದರು ಎಂದು ಮನೆಗೆ ಗೊತ್ತಾಗಬಾರದು, ಬೀಳುವತನಕ ಅದು ಮನೆಯೇ, ಕತ್ತಲಲ್ಲಿ ಇಡಬಾರದು ಎನ್ನುತ್ತಿದ್ದಳು. ನಾನು ಆಗ ಸಣ್ಣವಳು, ಇದೆಲ್ಲ ಹುಚ್ಚು ಎಂದು ನಗುತ್ತಿದ್ದೆ. ಒಂದು ಸಂಜೆ ಅತ್ತೆ ತಿರುಗಿ ಬಂದಾಗ ಸೀರೆಯ ಅಂಚು ಒದ್ದೆಯಾಗಿತ್ತು. ಮರುದಿನದಿಂದ ಹೋಗಲಿಲ್ಲ.

ಮಗ್ಗುಲ ಮನೆಯಲ್ಲಂತೂ ಒಂದು ಜೀವ ಹೋಗಿತ್ತು. ಕರೆಂಟೂ ಇಲ್ಲದೆ ಅದು ಸಂಜೆ ಕಪ್ಪಗೆ ನಿಂತದ್ದನ್ನು ನೋಡಿದಾಗ ನನಗೆ ಸರಿಬೀಳಲಿಲ್ಲ. ಹಿಂದಿನ ಬಾಗಿಲಿನ ಚಿಲಕ ನೀರಲ್ಲಿ ನೆನೆದು ಹಿಡಿತ ಬಿಟ್ಟಿತ್ತು. ಬೇರೆಯವರ ಮನೆಗೆ ಕೇಳದೆ ನುಗ್ಗುವುದು ತಪ್ಪೆಂದು ಗೊತ್ತು. ನುಗ್ಗಿದೆ.

ಒಳಗೆ ಗೋಡೆಗಳ ಕೆಳಗಿನ ಅರ್ಧವನ್ನು ನೆನೆದಿತ್ತೆಂದು ಕಿತ್ತು ಹಾಕಿದ್ದರು. ಬರೀ ಕಟ್ಟಿಗೆಯ ಕಂಬಗಳು ಉಳಿದಿದ್ದವು. ಒಂದು ಕೋಣೆಯಲ್ಲಿ ನಿಂತರೆ ಮನೆಯ ಕೊನೆಯ ಕೋಣೆಯ ತನಕ ಸೊಂಟದ ಕೆಳಗೆ ಎಲ್ಲ ಕಾಣುತ್ತಿತ್ತು, ಮೇಲೆ ಏನೂ ಕಾಣುತ್ತಿರಲಿಲ್ಲ. ಅಲ್ಲಿ ಯಾರಾದರೂ ನಿಂತಿದ್ದರೆ ಕಾಲು ಮಾತ್ರ ಕಾಣಿಸುತ್ತಿತ್ತು. ನಾನು ದಿನಾ ನೋಡುತ್ತಿದ್ದೆ. ಯಾವ ಕಾಲೂ ಇರಲಿಲ್ಲ. ಮುಂದಿನ ಕೋಣೆಯಲ್ಲಿ ಬೀದಿಯ ಕಡೆಗೆ ಅಗಲವಾದ ಕಿಟಕಿ. ಅದರ ಹಲಗೆಯ ಮೇಲೆ ನೀರು ಹಾಕಿದ ಸ್ಟೀಲಿನ ತಾಟು, ತಾಟಿನ ನಡುವೆ ಪಣತಿ. ಹಚ್ಚಿ, ಬತ್ತಿ ಸರಿಯಾಗಿ ಹಿಡಿಯುವತನಕ ಕಂಬಕ್ಕೊರಗಿ ಒಂದಿಷ್ಟು ಹೊತ್ತು ಕೂರುತ್ತಿದ್ದೆ. ಆಮೇಲೆ ಕಿಟಕಿಯ ಮುಂದೆ ಹಾದು ಹಿಂದಿನ ಬಾಗಿಲಿಂದ ಹೊರಬೀಳುತ್ತಿದ್ದೆ. ಮಗಳು, ಅಳಿಯ ಆ ಹೊತ್ತಿಗೆ ಇನ್ನೂ ಕೆಲಸದಿಂದ ಬಂದಿರುತ್ತಿರಲಿಲ್ಲ. ಮೊಮ್ಮಗಳು ಕಿವಿಗೆ ಏನೋ ತುರುಕಿಕೊಂಡು ಓದುತ್ತಿದ್ದಳು. ಯಾರಿಗೂ ಗೊತ್ತಾಗಲಿಲ್ಲ.

ಕೂತಲ್ಲಿಂದ ಎದುರು ಮನೆಯವಳ ಕಿಟಕಿ ನನಗೆ ನೇರ ಕಾಣುತ್ತಿತ್ತು. ನಾನು ಹಚ್ಚಿದ ಸ್ವಲ್ಪ ಹೊತ್ತಿಗೆ ಅಲ್ಲೂ ದೀಪ ಬರುತ್ತಿತ್ತು. ಬಂದು, ಎರಡು ಸಲ ಆರಿ ಹತ್ತುತ್ತಿತ್ತು. ಬಲ್ಬು ಸಡಿಲಾಗಿದೆ, ಯಾರಾದರೂ ತಿರುವಿ ಕೊಡಬಾರದೇ ಎಂದುಕೊಳ್ಳುತ್ತಿದ್ದೆ. ಬೇಸಿಗೆಯ ಕೊನೆಯಿಂದ ಎಲೆ ಕೆಂಪಾಗುವತನಕ ದಿನಾ ನಾನು ಇಲ್ಲಿ ಹಚ್ಚಿದೆ, ಅಲ್ಲಿ ಅದು ಎರಡು ಸಲ ಆರಿ ಹತ್ತಿತು.

ಒಂದು ದಿನ ಊಟಕ್ಕೆ ಕೂತಾಗ ಮಗಳು ಹೇಳಿದಳು.

"ಅವ್ವಾ, ಎದುರುಮನಿ ಆಂಟಿ ಸಹಿ ಮಾಡೂದಿಲ್ಲಂತ. ಬಯ್‌ಔಟ್‌ನ ಆಫೀಸರ್ ಬಂದಿದ್ಲು ಇವತ್ತು. ಕಡೀ ಸಲ ಕೇಳಾಕ ಬಂದೀನಿ, ಮುಂದಿನ ವಾರ ಫೈಲ್ ಕ್ಲೋಸ್ ಅಂದ್ಲು. ಆದ್ರೂ ಆಂಟಿ ಒಲ್ಲೆ ಅಂದಾಳ."

"ಯಾಕಂತ?"

"ಮಗ್ಗಲಮನಿ ಆಂಟಿ ಇನ್ನೂ ಅಲ್ಲೇ ಅದಾಳಂತ. ದಿನಾ ಸಂಜಿಕೆ ದೀಪ ಹಚ್ಚತಾಳಂತ. ಆಫೀಸರ್ ಹೇಳ್ಯಾಳ, ಮ್ಯಾಮ್, ಆ ಮನ್ಯಾಗ ಕರೆಂಟೇ ಇಲ್ಲ ಅಂತ. ಅದಕ್ಕ ಈಕಿ ಏನಂದ್ಲು ಗೊತ್ತೇನು? ನಾನೂ ಅದನ್ನ ಹೇಳಾಕತ್ತೀನಿ, ಕರೆಂಟಿಲ್ಲ, ಆದ್ರೂ ದೀಪ ಹತ್ತತೈತಿ ಅಂತ."

ಅಳಿಯ ನಕ್ಕ. "ತಲಿ ಕೆಟ್ಟೈತಿ ಪಾಪ."

"ಡ್ಯಾಡ್! ಡೋಂಟ್ ಸೇ ದ್ಯಾಟ್," ಎಂದಳು ಮೊಮ್ಮಗಳು.

"ಅಲ್ಲ, ಅದರಾಗ ಒಂದ ಸಂಗತಿ ಐತಿ," ಮಗಳು ದನಿ ಇಳಿಸಿದಳು. "ಅವರಿಬ್ಬರದೂ ಒಂದು ಪದ್ಧತಿ ಇತ್ತಂತ, ಗಂಡಂದ್ರು ಸತ್ತ ಮ್ಯಾಲ. ಸಂಜಿಕೆ ಮಗ್ಗಲಮನ್ಯಾಕಿ ಕಿಟಕ್ಯಾಗ ಲ್ಯಾಂಪ್ ಹಚ್ಚೂದು, ಎದುರುಮನ್ಯಾಕಿ ಎರಡ ಸಲ ಆರಿಸಿ ಹಚ್ಚೂದು, ಮತ್ತ ಮಗ್ಗಲಮನ್ಯಾಕಿ ಒಂದ ಸಲ ಆರಿಸಿ ಹಚ್ಚೂದು. ನಾ ಆರಾಮ ಅದೀನಿ, ನೀ ಆರಾಮ ಅದೀಯೇನು, ಅದೀನಿ. ಅಷ್ಟ. ಈಗೂ ಹಂಗ ನಡದೈತಂತ. ಒಂದ ಸಲ ಆರಿ ಹತ್ತತೈತಂತ ಅಲ್ಲಿ. ಆಕಿನ್ನ ಕತ್ತಲ್ಯಾಗ ಒಬ್ಬಾಕಿನ್ನ ಬಿಟ್ಟು ನಾ ಹೆಂಗ ಹೋಗ್ಲಿ ಅಂತ ಅತ್ತಳಂತ."

ತುತ್ತು ನನ್ನ ಕೈಯಲ್ಲೇ ಉಳಿಯಿತು. ಪಣತಿ ಆರಿ ಹತ್ತುವುದಿಲ್ಲ. ಅದರ ಮುಂದೆ ನಾನು ಹಾದು ಬರುತ್ತಿದ್ದೆ. ನಾನು ಹಾದಾಗ ಬೀದಿಯ ಆಚೆಗೆ ಅದು ಒಮ್ಮೆ ಆರಿ ಹತ್ತಿದಂತೆ ಕಾಣುತ್ತದೆ. ಇಷ್ಟು ದಿನ ನಾನು ನನಗೇ ಗೊತ್ತಿಲ್ಲದೆ ಸತ್ತವಳ ಪರವಾಗಿ ಆರಾಮ ಅದೀನಿ ಎಂದು ಹೇಳುತ್ತ ಬಂದಿದ್ದೆ.

"ಯಾಕವ್ವಾ, ಉಣ್ಣೂದ ಬಿಟ್ಟಿಯಲ್ಲ?" ಮಗಳು ಕೇಳಿದಳು.

"ಏನಿಲ್ಲ. ಇನ್ನೊಂದ ರೊಟ್ಟಿ ಹಾಕ್ಲೇನು?" ಎಂದೆ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ, ಏಕೆಂದರೆ ಹೆದರಿದೆ. ಗ್ರೀನ್ ಕಾರ್ಡಿನ ಮುದುಕಿ, ಬೀಗ ಹಾಕಿದ ಮನೆಗೆ ನುಗ್ಗಿ ಬೆಂಕಿ ಹಚ್ಚುತ್ತಿದ್ದಳು ಎಂದರೆ ಯಾರು ಕೇಳುತ್ತಾರೆ, ಪಣತಿಯ ಬೆಂಕಿ ಎಂದು? ಪೊಲೀಸರು ಬಂದರೆ, ಅಳಿಯ ಸಹಿ ಮಾಡಿದ ಮನೆಯ ಕಾಗದಕ್ಕೆ ಕಲ್ಲು ಬಿದ್ದರೆ? ಸುಮ್ಮನೆ ದೀಪ ನಿಲ್ಲಿಸಿಬಿಟ್ಟರಾಯಿತು, ಎರಡು ದಿನ ಕತ್ತಲಾದರೆ ಮುದುಕಿಗೆ ತಾನಾಗಿಯೇ ತಿಳಿಯುತ್ತದೆ, ಸಹಿ ಮಾಡಿ ಹೋಗುತ್ತಾಳೆ ಎಂದು ಲೆಕ್ಕ ಹಾಕಿದೆ. ಹೋಗದಿದ್ದರೆ ಏನಾಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ನಾವು ಹೋದ ಮೇಲೆ ಆ ಬೀದಿಯಲ್ಲಿ ಅವಳೊಬ್ಬಳೇ. ಮುಂದಿನ ಸಲ ನೀರು ಬಂದಾಗ ಕೂಗಿದರೆ ಕೇಳಿಸಿಕೊಳ್ಳಲು ಜಿಂಕೆಗಳು.

ಮರುದಿನ ಸಂಜೆ ನಾನು ಹೋಗಲಿಲ್ಲ. ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಪರದೆಯ ಹಿಂದೆ ನಿಂತು ನೋಡಿದೆ. ಎದುರು ಕಿಟಕಿಯಲ್ಲಿ ದೀಪ ಬಂತು. ಎರಡು ಸಲ ಆರಿ ಹತ್ತಿತು. ತಡೆಯಿತು. ಮತ್ತೆ ಎರಡು ಸಲ. ತಡೆಯಿತು. ಮತ್ತೆ ಎರಡು ಸಲ. ನಾನು ಸಾರು ಕುದಿಸಿ, ಅನ್ನ ಇಳಿಸಿ, ಮತ್ತೆ ಬಂದು ನೋಡಿದೆ. ಇನ್ನೂ ನಡೆದೇ ಇತ್ತು. ಎರಡನೆಯ ಸಂಜೆಯೂ ಹಾಗೆ. ಆ ಸಂಜೆ ನಡುನಡುವೆ ತಡೆಯೂ ಇರಲಿಲ್ಲ, ಗುಬ್ಬಿ ರೆಕ್ಕೆ ಬಡಿದ ಹಾಗೆ ಒಂದೇ ಸಮ.

ಮೂರನೆಯ ದಿನ ಬೆಳಗಿನಿಂದ ಮಳೆ. ಎಲ್ಲರ ಫೋನುಗಳೂ ಕಿರ್ರೆಂದು ಕೂಗಿ ಹೊಳೆಯ ಎಚ್ಚರಿಕೆ ಕೊಟ್ಟವು. ಮಗಳು ಫೋನು ಮಾಡಿ, ಇದು ಸಣ್ಣದು, ಬೀದಿಗೆ ಬರೂದಿಲ್ಲ, ಹೊರಗ ಮಾತ್ರ ಹೋಗಬ್ಯಾಡ್ರಿ ಎಂದಳು. ಹೊಳೆ ದಂಡೆ ದಾಟಿ ಬರುವ ಮೊದಲು ನೆಲದ ಕೆಳಗಿನಿಂದ ಬರುತ್ತದೆ ಎಂದು ಆ ಬೀದಿಯವರೆಲ್ಲರಿಗೂ ಗೊತ್ತಿತ್ತು. ನಮ್ಮ ಬೇಸ್‌ಮೆಂಟಿನ ಪಂಪು ನೀರು ಹೊರಗೆ ಎತ್ತುತ್ತ ಹೊಡೆದುಕೊಳ್ಳುತ್ತಿತ್ತು. ಮಗ್ಗುಲ ಮನೆಯಲ್ಲಿ ಕರೆಂಟಿಲ್ಲ, ಪಂಪಿಲ್ಲ.

ಸಂಜೆಗೆ ನಾನು ಕಿಟಕಿಗೆ ಬಂದಾಗ ಎದುರು ಮನೆ ಕತ್ತಲಾಗಿತ್ತು. ಬಾಗಿಲು ತೆರೆದಿತ್ತು. ಅವಳು ರಸ್ತೆಯ ನಡುವೆ ಇದ್ದಳು, ಮನೆಯೊಳಗೆ ಹಾಕುವ ಚಪ್ಪಲಿಯಲ್ಲಿ, ಕೊಡೆಯಿಲ್ಲದೆ. ಗೆಳತಿಯ ಹೆಸರು ಹಿಡಿದು ಕೂಗುತ್ತ ಬಂದು ಮುಂದಿನ ಬಾಗಿಲು ಬಡಿದಳು. ಆಮೇಲೆ ಮನೆಯನ್ನು ಸುತ್ತಿ ಹಿಂದಕ್ಕೆ ಹೋದಳು. ಆ ಹಿಂದಿನ ಬಾಗಿಲು ದಿನಾ ನನ್ನ ಕೈಯಲ್ಲಿ ಇನ್ನಷ್ಟು ಸಡಿಲಾಗಿತ್ತು.

ಕೈಗೆ ಸಿಕ್ಕ ಕೋಟು, ಬೂಟು ಹಾಕಿಕೊಂಡು, ಮೊಮ್ಮಗಳ ಕಿವಿಯಲ್ಲಿದ್ದುದನ್ನು ಕಿತ್ತು, "ನನ್ನ ಹಿಂದ ಬಾ!" ಎಂದು ಕೂಗಿ ಓಡಿದೆ.

ಒಳಗೆ ನಿಂತಾಗ ಮೊದಲು ಕೇಳಿದ್ದು ಸದ್ದು. ಟಕ್. ಟಕ್. ತಡೆದು, ಟಕ್. ಕೆಳಗಿನಿಂದ ಯಾರೋ ಬೆರಳ ಗೆಣ್ಣಿನಿಂದ ಕಟ್ಟಿಗೆ ಬಡಿದ ಹಾಗೆ. ಗೋಡೆಯ ಕಂಬಗಳ ಸಂದಿಯಲ್ಲಿ, ಮೂರು ಕೋಣೆಗಳಾಚೆ, ಎರಡು ಕಾಲು ಕಂಡವು. ಇಷ್ಟು ದಿನ ನಾನು ಹುಡುಕಿ ಕಾಣದಿದ್ದ ಕಾಲು. ದೇವರ ಹೆಸರು ಬಾಯಿಗೆ ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಒದ್ದೆ ಚಪ್ಪಲಿ ಕಂಡಿತು. ನಾನು ನೋಡುತ್ತಿದ್ದಂತೆ ಆ ಕಾಲುಗಳು ಒಂದು ಮೆಟ್ಟಿಲು ಕೆಳಗಿಳಿದವು.

ಬೇಸ್‌ಮೆಂಟಿನ ಬಾಗಿಲಿಗೆ ಹೋಗುವಷ್ಟರಲ್ಲಿ ಅವಳು ಇನ್ನೂ ಕೆಳಗೆ ಹೋಗಿದ್ದಳು. ನೀರು ಮೆಟ್ಟಿಲುಗಳ ಅರ್ಧಕ್ಕೆ ಬಂದಿತ್ತು, ಕಪ್ಪಗೆ, ಮೆಲ್ಲಗೆ ಅಲುಗುತ್ತ. ಅವಳ ಮೊಣಕಾಲು ನೀರಿನಲ್ಲಿತ್ತು. ಒಂದು ಕೈಯಲ್ಲಿ ಕಟಕಟೆ ಹಿಡಿದು, ಬಗ್ಗಿ, ನೀರಿಗೆ ಮಾತಾಡುತ್ತಿದ್ದಳು. ಕೂಗುತ್ತಿರಲಿಲ್ಲ, ಅಳುತ್ತಿರಲಿಲ್ಲ. ಹೊರಡಲು ತಡಮಾಡುತ್ತಿರುವವರನ್ನು ಬಾಗಿಲಲ್ಲಿ ನಿಂತು ಕರೆಯುವ ದನಿ. ಟಕ್ ಎಂದಾಗ ಮಾತು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಕೇಳಿ, ಇನ್ನೊಂದು ಮೆಟ್ಟಿಲಿಗೆ ಕಾಲು ಇಟ್ಟಳು.

ನಾನು ಅವಳ ಅಂಗಿಯ ಬೆನ್ನು ಹಿಡಿದು ಎಳೆದೆ. "ಬಾ ಯವ್ವಾ ಮ್ಯಾಲ. ಬಾ. ಅಲ್ಲಿ ಯಾರೂ ಇಲ್ಲ."

ಅವಳು ತಿರುಗಿಯೂ ನೋಡಲಿಲ್ಲ. ಆ ಒಣಕಲು ಮೈಯಲ್ಲಿ ಎಷ್ಟು ಬಲವಿತ್ತೋ, ನನ್ನನ್ನೂ ಒಂದು ಮೆಟ್ಟಿಲು ಇಳಿಸಿದಳು. ಬೂಟಿನೊಳಗೆ ನೀರು ಬಂತು. ಅಷ್ಟರಲ್ಲಿ ಮೊಮ್ಮಗಳು ಬಂದಳು, ಫೋನಿನ ಬೆಳಕು ಹಿಡಿದು. ಬೆಳಕಿನಲ್ಲಿ ಕಂಡಿತು, ಬಣ್ಣದ ಡಬ್ಬಿಯೊಂದು ತೇಲುತ್ತ ಮೆಟ್ಟಿಲಿಗೆ ಬಡಿಯುತ್ತಿತ್ತು.

"ಅಜ್ಜಿ! ವಾಟ್ ಆರ್ ಯೂ ಡೂಯಿಂಗ್ ಹಿಯರ್?"

"ಹಿಡಿ ಈಕಿನ್ನ ಆ ಕಡೆ. ಹಿಡಿದು ಹೇಳು, ದೀಪ ಹಚ್ಚಿದಾಕಿ ನಮ್ಮಜ್ಜಿ ಅಂತ."

"ವಾಟ್? ಯಾವ ದೀಪ?"

"ಹೇಳ ಅಂದ್ರ ಹೇಳು!"

ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಹೇಳುತ್ತ ಹೇಳುತ್ತ ತಾನೇ ಅರ್ಥ ಮಾಡಿಕೊಂಡಳು, ದನಿ ಸಣ್ಣದಾಯಿತು. ಮುದುಕಿ, "ನೋ," ಎಂದಳು. ಇಬ್ಬರೂ ಸೇರಿ ಅವಳನ್ನು ಮೇಲೆ ಎಳೆದು ಮುಂದಿನ ಕೋಣೆಗೆ ತಂದು ನಿಲ್ಲಿಸಿದೆವು. ಅವಳು ಮಾತ್ರ "ನೋ, ನೋ," ಎನ್ನುತ್ತಲೇ ಇದ್ದಳು. ಮಾತಿನಿಂದ ಆಗುವ ಕೆಲಸವಲ್ಲ ಎಂದು ಗೊತ್ತಾಯಿತು. ಪಣತಿ, ತಾಟು ಅಲ್ಲೇ ಇದ್ದವು, ಕಡ್ಡಿಪೆಟ್ಟಿಗೆ ಹಲಗೆಯ ಮೂಲೆಯಲ್ಲಿ. ನನ್ನ ಕೈ ಒದ್ದೆ, ಮೂರನೆಯ ಕಡ್ಡಿಗೆ ಹತ್ತಿತು. ದೀಪ ನಿಂತ ಮೇಲೆ ಅವಳ ಕಣ್ಣೆದುರಿಗೇ ಅದರ ಮುಂದೆ ಹಾದೆ. ತಿರುಗಿ ಬಂದು ಇನ್ನೊಮ್ಮೆ ಹಾದೆ.

ಅವಳು ದೀಪವನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆಮೇಲೆ ಕೂತುಬಿಟ್ಟಳು, ಆ ಹೊಲಸು ನೆಲದ ಮೇಲೆ. ಅವಳ ಮಟ್ಟಿಗೆ ಗೆಳತಿ ಸತ್ತದ್ದು ಆಗ, ಅಲ್ಲಿ, ನನ್ನ ಕೈಯಿಂದ. ಕೆಳಗಿನ ಟಕ್ ಟಕ್ ಅಷ್ಟರಲ್ಲಿ ನಿಂತಿತ್ತು. ಡಬ್ಬಿ ಎಲ್ಲೋ ಮೂಲೆಗೆ ಸಿಕ್ಕಿಕೊಂಡಿರಬೇಕು. ನಾನು ಹಾಗಂತಲೇ ತಿಳಿದಿದ್ದೇನೆ.

ತುಸು ಹೊತ್ತಿನ ಮೇಲೆ ಅವಳು ಏನೋ ಅಂದಳು. ಮೊಮ್ಮಗಳು ಫೋನಿನ ಬೆಳಕನ್ನು ನೆಲಕ್ಕೆ ತಿರುಗಿಸಿದಳು.

"ಏನಂದ್ಲು?"

"ನಥಿಂಗ್."

"ಏನಂದ್ಲು ಹೇಳು."

"ನೀನು... ಕೆಟ್ಟ ಹೆಂಗಸು ಅಂದ್ರು. ಸಾರಿ ಅಜ್ಜಿ."

"ನೀ ಯಾಕ ಸಾರಿ ಅಂತಿ? ಆಕಿ ಸರಿಯಾಗೇ ಅಂದಾಳ," ಎಂದೆ.

ಅವಳನ್ನು ಅವಳ ಮನೆಗೆ ಸೇರಿಸಿದೆವು. ಒದ್ದೆ ಚಪ್ಪಲಿ ಬಿಡಿಸಿ, ಕಾಲು ಒರೆಸಿ, ಕುರ್ಚಿಯಲ್ಲಿ ಕೂರಿಸಿ ಕಂಬಳಿ ಹೊದಿಸಿದೆ. ಅವಳು ತಡೆಯಲಿಲ್ಲ. ಅವಳ ಊಟದ ಮೇಜಿನ ಮೇಲೆ ಸರ್ಕಾರದವರ ಲಕೋಟೆ ಒಡೆಯದೆ ಬಿದ್ದಿತ್ತು. ಮಗಳು, ಅಳಿಯ ಬಂದ ಮೇಲೆ ಎಲ್ಲ ಹೇಳಿದೆ. ಅಳಿಯ ಹಣೆ ತಿಕ್ಕಿಕೊಂಡ. ಮಗಳು ಮಾತ್ರ, "ಅವ್ವಾ, ನೀ ಅಂತೂ..." ಎಂದು ನನ್ನ ಒದ್ದೆ ಬೂಟು ಎತ್ತಿ ಒಣಗಲು ಇಟ್ಟಳು. ಮೊಮ್ಮಗಳು ಗಡಿಯಾರ ನೋಡುತ್ತ ನಾಲ್ಕು ಸಲ ಎದುರು ಮನೆಗೆ ಹೋಗಿ ಅವಳು ಉಸಿರಾಡುತ್ತಿದ್ದಾಳೆಯೇ ಎಂದು ನೋಡಿ ಬಂದಳು.

ಬೆಳಿಗ್ಗೆ ಮಳೆ ನಿಂತಿತ್ತು. ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ, ನಾವು ಮನೆ ಬದಲಿಸಲು ತಂದಿಟ್ಟಿದ್ದ ರಟ್ಟಿನ ಡಬ್ಬಗಳಲ್ಲಿ ಆರು, ಒಂದು ಕಟ್ಟು ಹಳೇ ಪೇಪರು, ಅಂಟುಪಟ್ಟಿ ಎತ್ತಿಕೊಂಡು ರಸ್ತೆ ದಾಟಿದೆ. ಬಾಗಿಲು ಬಡಿದೆ. ಅವಳು ತೆರೆದಳು. ಒಳಗೆ ಬಾ ಎನ್ನಲಿಲ್ಲ, ಬಾಗಿಲು ಹಾಕಲೂ ಇಲ್ಲ. ನಾನು ಪಕ್ಕದಿಂದ ಹಾದು ನೇರ ಅಡುಗೆಮನೆಗೆ ಹೋಗಿ, ಮೇಲಿನ ಕಪಾಟು ತೆಗೆದು, ಒಂದೊಂದೇ ಪಿಂಗಾಣಿ ತಟ್ಟೆಗೆ ಪೇಪರು ಸುತ್ತತೊಡಗಿದೆ. ಅವಳು ಬಾಗಿಲಿಗೊರಗಿ ನೋಡಿದಳು. ಸ್ವಲ್ಪ ಹೊತ್ತಿಗೆ ಬಂದು ತಾನೂ ಒಂದು ತಟ್ಟೆ ಎತ್ತಿ ಸುತ್ತಿದಳು. ಸಡಿಲಾಗಿತ್ತು. "ಹಂಗಲ್ಲ, ಒಡೀತೈತಿ," ಎಂದು ಕಿತ್ತುಕೊಂಡು ನಾನೇ ಸುತ್ತಿದೆ. ಅವಳು ನನ್ನನ್ನು ದುರುಗುಟ್ಟಿ ನೋಡಿ, ಹೊರಗಿನ ಕೋಣೆಗೆ ಹೋದಳು. ಲಕೋಟೆ ಹರಿಯುವ ಸದ್ದು ಕೇಳಿತು, ಆಮೇಲೆ ಫೋನಿನಲ್ಲಿ ಅವಳ ದನಿ. ಎಸ್ ಎಂಬ ಮಾತು ಮೂರು ಸಲ ಬಂತು. ನಾನು ಮೇಲಿನ ಕಪಾಟು ಮುಗಿಸಿ, ಡಬ್ಬಕ್ಕೆ ಅಂಟುಪಟ್ಟಿ ಹಚ್ಚಿ, ಕೆಳಗಿನದಕ್ಕೆ ಕೂತೆ.